ರಿಪೋರ್ಟಿನ ಕೊನೆಯ ಸಾಲು

ಪಾಲಬಾವಿ
ಸೋಮವಾರ, ೨೧ ಅಕ್ಟೋಬರ್ ೨೦೨೪

ಡಾಕ್ಟರಕ್ಕಾ,

ನಿಮ್ಮ ತಮ್ಮ ಅಭಿನಂದನನ ಹೆಂಡತಿ ಮೇಘಾಳ ಜೈ ಜಿನೇಂದ್ರ. ಹೆಂಡತಿ ಎಂದು ಬರೆದುಕೊಳ್ಳುವ ಹಕ್ಕು ಬರುವ ಭಾನುವಾರದವರೆಗಾದರೂ ಇದೆ, ಅದಕ್ಕೇ ಬರೆದುಕೊಂಡೆ. ತವರಿನಲ್ಲಿ ಎಲ್ಲರೂ ಆರಾಮ. ದಸರೆ ರಜೆಗೆ ಬಂದ ಮಗಳು ಚಿಮಣಿಯೂ ಆರಾಮ, ಊಟ ಮಾಡಿ ನನ್ನ ಪಕ್ಕದಲ್ಲೇ ಮಲಗಿದ್ದಾಳೆ. ಗುಬ್ಬಿಯ ಹಾಗೆ ಜಿಗಿಯುತ್ತಾಳೆಂದು ನೀವೇ ಮರಾಠಿಯಲ್ಲಿ ಇಟ್ಟ ಹೆಸರು ಅದು. ತ್ರಿಶಲಾ ಎಂದು ಕರೆದರೆ ಈಗಲೂ ತಿರುಗಿ ನೋಡುವುದಿಲ್ಲ.

ಈ ಕಾಲದಲ್ಲಿ ಕಾಗದ ಯಾಕೆ ಎಂದು ನಗಬೇಡಿ. ಫೋನ್ ಮಾಡಿದರೆ "ಕ್ಲಾಸ್ ಐತಿ ಮೇಘಾ, ಆಮ್ಯಾಲೆ ಮಾಡ್ತೀನಿ" ಅನ್ನುತ್ತೀರಿ. ಆ ಆಮೇಲೆ ಒಂದು ವರ್ಷದಿಂದ ಬಂದಿಲ್ಲ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ನಿಮ್ಮ ಸ್ವಭಾವ ನನಗೆ ಗೊತ್ತು, ಪೂರ್ತಿ ಓದಿಯೇ ಹರಿಯುತ್ತೀರಿ.

ಮೊದಲು ಒಳ್ಳೆಯ ಮಾತು ಮುಗಿಸುತ್ತೇನೆ. ನಿಮಗೆ ಪ್ರಶಸ್ತಿ ಬಂದದ್ದು, ಆ ದೊಡ್ಡ ಸಭೆಯಲ್ಲಿ ನೀವು ಮಾಡಿದ ಭಾಷಣ, ಎರಡೂ ನನಗೆ ತಲುಪಿದವು. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ವಿಡಿಯೋ ಹಾಕಿದ್ದರು. ನನ್ನನ್ನು ಮನೆಯಿಂದ ತೆಗೆದವರು ಗುಂಪಿನಿಂದ ತೆಗೆಯಲು ಮರೆತಿದ್ದಾರೆ. ಕಾಗವಾಡದ ಕನ್ನಡ ಶಾಲೆಯ ಹುಡುಗಿ ಮಿರಜದಲ್ಲಿ ಡಾಕ್ಟರಾಗಿ, ಮುಂಬಯಿಯಲ್ಲಿ ಮಿದುಳಿನ ಚಿತ್ರ ಓದುವ ವಿದ್ಯೆ ಕಲಿತು, ಪುಣೆಯಲ್ಲಿ ಪ್ರೊಫೆಸರಾಗಿ ಅಷ್ಟು ಜನ ಡಾಕ್ಟರರ ಮುಂದೆ ನಿಂತಿದ್ದನ್ನು ಕಂಡು ನನಗೆ ನಿಜವಾಗಿ ಹೆಮ್ಮೆಯಾಯಿತು. ಆ ಹೆಮ್ಮೆ ಇಪ್ಪತ್ತು ನಿಮಿಷ ಇತ್ತು.

ನಾನು ಹೊಸ ಸೊಸೆಯಾಗಿದ್ದಾಗ ಅತ್ತೆ ಬಂದವರಿಗೆಲ್ಲ "ನಮ್ಮ ಮಗಳು ಮಂದಿ ತಲಿ ಒಳಗ ಏನೈತಿ ನೋಡ್ತಾಳ" ಎಂದು ಹೇಳುತ್ತಿದ್ದರು. ಹಾಗಾದರೆ ನಿಮ್ಮೆದುರು ಸೆರಗು ಹೊದ್ದುಕೊಂಡೇ ಇರಬೇಕಲ್ಲ ಎಂದು ನಾನು ಚೇಷ್ಟೆ ಮಾಡಿದ್ದೆ, ನೀವು ಬಿದ್ದು ಬಿದ್ದು ನಕ್ಕಿದ್ದಿರಿ. ಆಮೇಲೆ ನಿಮ್ಮ ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ ಪರದೆ ಮೇಲೆ ಒಂದು ಮಿದುಳನ್ನು ತೋರಿಸಿದಿರಿ. ಒಡೆದ ಅಕ್ರೋಡಿನ ಹಾಗಿದೆ ಎಂದೆ. ಈ ಕೆಲಸ ಯಾಕೆ ಹಿಡಿದಿರಿ ಎಂದು ಕೇಳಿದ್ದಕ್ಕೆ ನೀವು ಕೊಟ್ಟ ಉತ್ತರ ನನಗೆ ಇನ್ನೂ ನೆನಪಿದೆ. ನಮ್ಮ ಕಡೆ ಫಿಟ್ಸ್ ಬಂದವರಿಗೆ ಚಪ್ಪಲಿ ಮೂಸಿಸುತ್ತಾರೆ, ಕೈಗೆ ಕಬ್ಬಿಣ ಕೊಡುತ್ತಾರೆ, ಹೆಣ್ಣುಮಗಳಾದರೆ ತವರಿಗೆ ಅಟ್ಟುತ್ತಾರೆ, ಇದು ಗಾಳಿಯೂ ಅಲ್ಲ ಶಾಪವೂ ಅಲ್ಲ, ಇದಕ್ಕೊಂದು ಚಿತ್ರವಿದೆ ಗುಳಿಗೆಯಿದೆ ಎಂದು ತೋರಿಸಬೇಕು ಅಂದಿದ್ದಿರಿ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಸ್ಕ್ಯಾನುಗಳನ್ನೆಲ್ಲ ಕೂಡಿಸಿ, ಮಾಂಸ ಮುಟ್ಟದವರ ತಲೆಯಲ್ಲಿ ಹುಳು ಹೇಗೆ ಬಂತು ಎಂದು ನೀವು ಹುಡುಕುತ್ತಿದ್ದ ದಿನಗಳು ಅವು. ನಾನು ಅದನ್ನು ನನ್ನ ಗೆಳತಿಯರಿಗೆಲ್ಲ ಹೇಳಿಕೊಂಡು ತಿರುಗಿದೆ.

ಭಾಷಣದ ನಡುವೆ ನೀವು ಮೂರನೆಯ ಚಿತ್ರ ಹಾಕಿದಿರಿ. ಎಡಗಡೆ, ಮಡಿಕೆಯೊಂದರ ಬದಿಯಲ್ಲಿ ಬಿಳಿ ಬಳೆ, ಬಳೆಯೊಳಗೆ ಒಂದು ಚುಕ್ಕೆ. ಹೆಸರಿರಲಿಲ್ಲ. "ಇಪ್ಪತ್ತೊಂಬತ್ತು ವರ್ಷದ, ಹುಟ್ಟಿನಿಂದ ಸಸ್ಯಾಹಾರಿ ಹೆಣ್ಣುಮಗಳು" ಎಂದಿರಿ. ಆ ಚಿತ್ರವನ್ನು ಹೋದ ವರ್ಷ ನೀವೇ ನನಗೆ ತೋರಿಸಿದ್ದಿರಿ, ನಾನು ಬಹಳ ಹೊತ್ತು ನೋಡಿದ್ದೆ. ನನ್ನ ತಲೆಯನ್ನು ನಾನು ಗುರುತು ಹಿಡಿಯದೆ ಇರುತ್ತೇನೆಯೇ?

ಆ ಸಭೆಗೆ ನೀವು ತಿಳಿಸಿ ಹೇಳಿದ ರೀತಿ ಬಹಳ ಚೆನ್ನಾಗಿತ್ತು. ಸರಿಯಾಗಿ ಬೇಯದ ಹಂದಿಮಾಂಸ ತಿಂದವನ ಹೊಟ್ಟೆಯಲ್ಲಿ ಉದ್ದನೆಯ ಹುಳು ಬೆಳೆಯುತ್ತದೆ, ಅವನಿಗೆ ನೋವಿಲ್ಲ, ಗೊತ್ತೂ ಆಗುವುದಿಲ್ಲ. ಅದರ ಮೊಟ್ಟೆ ಅವನ ಕೈ ಉಗುರಿನಿಂದ ಇನ್ನೊಬ್ಬರ ಅನ್ನಕ್ಕೆ ಬೀಳುತ್ತದೆ. ತಲೆಯಲ್ಲಿ ಬಳೆ ಮೂಡುವುದು ಆ ಇನ್ನೊಬ್ಬರಿಗೆ, ಅವರು ಹಂದಿಮಾಂಸವನ್ನು ಕಣ್ಣಿಂದಲೂ ಕಂಡಿರಬೇಕಾಗಿಲ್ಲ. ಆಮೇಲೆ ನೀವು ಇಂಗ್ಲಿಷಿನಲ್ಲಿ ಒಂದು ಮಾತು ಅಂದಿರಿ: ತಟ್ಟೆಯಲ್ಲಿ ಏನಿತ್ತೆಂದು ಕೇಳಬೇಡಿ, ಬಡಿಸಿದ ಕೈ ಯಾರದೆಂದು ಕೇಳಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರನೆಯ ಚಿತ್ರದ ಹೆಣ್ಣುಮಗಳ ಮನೆಯಲ್ಲೂ ಹಾಗೇ ಕೇಳಿ ನೋಡಿದೆವು, ಅದೇ ಮನೆಯ ಒಬ್ಬರ ಹೊಟ್ಟೆಯಲ್ಲಿ ಹುಳು ಸಿಕ್ಕಿತು, ಅವರು ಊರ ಹೊರಗೆ ತಿಂದು ಮನೆಯಲ್ಲಿ ಮುಚ್ಚಿಟ್ಟಿದ್ದರು, ಒಂದು ಗುಳಿಗೆ ಕೊಟ್ಟೆವು, ಅಲ್ಲಿಗೆ ಮುಗಿಯಿತು ಅಂದಿರಿ.

ನಾನು ವಿಡಿಯೋ ನಿಲ್ಲಿಸಿ ಹಿತ್ತಲಿಗೆ ಹೋಗಿ ಕೂತೆ. ಹೋದ ವರ್ಷ ನೂಲಹುಣ್ಣಿಮೆಗೆ ನೀವು ರಾಖಿ ಕಟ್ಟಲು ಬಂದಾಗ ತಮ್ಮನ ಕೈಗೆ ಒಂದು ಗುಳಿಗೆ ಇಟ್ಟು, ಹೊಟ್ಟೆಯ ಸಲುವಾಗಿ, ಈಗಲೇ ನುಂಗು ಅಂದದ್ದು ನೆನಪಾಯಿತು. ಅದಕ್ಕೆ ಮೊದಲು ಅವರು ಒಂದು ಸಣ್ಣ ಡಬ್ಬಿಯನ್ನು ಕಾಗದದಲ್ಲಿ ಸುತ್ತಿಕೊಂಡು ಮಿರಜದ ಲ್ಯಾಬಿಗೆ ಹೋಗಿ ಬಂದದ್ದು ನೆನಪಾಯಿತು. ಪ್ರತಿ ವರ್ಷ ದ್ರಾಕ್ಷಿ ಸುಗ್ಗಿ ಮುಗಿದ ಮೇಲೆ ಗೆಳೆಯರ ಜೊತೆ ಗೋವಾಕ್ಕೆ ಹೋಗುತ್ತಿದ್ದರು. ಅಲ್ಲಿ ಏನು ತಿಂದಿರೆಂದು ಕೇಳಿದರೆ "ಏನ ತಿಂತೀನಿ ಮಾರಾಯ್ತಿ, ಬ್ರೆಡ್ಡು ಬಾಳೆಹಣ್ಣು" ಎಂದು ನಗುತ್ತಿದ್ದರು. ನಾನು ನಂಬುತ್ತಿದ್ದೆ. ಮದುವೆಯಾದ ಹೊಸದರಲ್ಲಿ ದ್ರಾಕ್ಷಿ ಬಾಗಿನಿಂದ ಬಂದವರೇ ಒಂದೊಂದು ಹಣ್ಣನ್ನು ಅಂಗಿಗೆ ಒರೆಸಿ ನನ್ನ ಬಾಯಿಗೆ ಹಾಕುತ್ತಿದ್ದರು. ಅಷ್ಟು ಪ್ರೀತಿ ಮಾಡಿದ ಕೈ ಅದು, ಅದನ್ನೂ ನಾನು ಸುಳ್ಳು ಅನ್ನುವುದಿಲ್ಲ.

ಹೋದ ವರ್ಷದ ಆಷಾಢವನ್ನು ನೀವು ಮರೆತಿದ್ದರೆ ನೆನಪು ಮಾಡಿಕೊಡುತ್ತೇನೆ. ಕಾಗವಾಡದಲ್ಲಿ ಮುನಿ ಮಹಾರಾಜರ ಚಾತುರ್ಮಾಸ. ಅವರ ಆಹಾರಕ್ಕೆ ನಮ್ಮ ಮನೆಯಲ್ಲೂ ಶುದ್ಧ ಅಡುಗೆಯ ಚೌಕಾ ಹೂಡಿದ್ದೆವು. ಮಡಿಯುಟ್ಟು, ನೀರು ಸೋಸಿ, ಹಿಟ್ಟು ಹೊಸದಾಗಿ ಬೀಸಿ, ಒಲೆಯ ಮುಂದೆ ಕೂತವಳು ನಾನು. ಅಲ್ಲೇ ಬಿದ್ದೆ. ಎಚ್ಚರವಾದಾಗ ನಾಲಿಗೆ ಕಚ್ಚಿಕೊಂಡಿತ್ತು, ಸೀರೆ ಒದ್ದೆಯಾಗಿತ್ತು. ಸ್ಕ್ಯಾನ್ ಆಯಿತು, ಚಿತ್ರ ನಿಮ್ಮ ಹತ್ತಿರವೇ ಬಂತು. ನೀವು ಗಾಡಿ ಮಾಡಿಕೊಂಡು ಊರಿಗೆ ಬಂದಾಗ ನಾನು ಒಳಕೋಣೆಯಲ್ಲಿ ಮಲಗಿದ್ದೆ, ಬಾಗಿಲು ತೆರೆದೇ ಇತ್ತು.

ಅತ್ತೆ ಕೇಳಿದರು, "ಅದೇನ ಹುಳಾ ಅಂತೀ, ಎಲ್ಲಿಂದ ಬರತೈತಿ ಅದು?"

ನೀವು ಹೇಳಿದಿರಿ, "ಹಂದಿಯಿಂದ ಬರೂ ಹುಳಾ ಆಯಿ."

ಅಷ್ಟೇ. ಮುಂದಿನ ಮಾತಿಗಾಗಿ ನಾನು ಕಾದೆ, ನೀವು ಚಹಾ ಕುಡಿದಿರಿ. ಅತ್ತೆ ಪಾತ್ರೆಯನ್ನು ಕೆಳಗಿಟ್ಟ ಸದ್ದು ನನಗೆ ಕೇಳಿತು. "ನಮ್ಮ ಮನ್ಯಾಗ ಉಳ್ಳಾಗಡ್ಡಿ ಸುದ್ದಾ ಒಳಗ ಬರೂದಿಲ್ಲ. ಈಕಿ ಎಲ್ಲಿ ತಿಂದ ಬಂದಾಳ?" ಎಂದರು. ಆಗಲಾದರೂ ನೀವು ತಿರುಗಿ ಹೇಳಬಹುದಿತ್ತು. ನಾನೇ ಮೆಲ್ಲಗೆ ಕೇಳಿದ್ದಕ್ಕೆ ನನ್ನ ಹಣೆ ನೇವರಿಸಿ "ಸ್ವಲ್ಪ ದಿನ ತಡಿ, ಎಲ್ಲಾ ತಣ್ಣಗ ಆಗತೈತಿ" ಎಂದಿರಿ. ಆಗ ನೀವು ಯಾರನ್ನು ಕಾಯುತ್ತಿದ್ದಿರಿ ಎಂದು ತಿಳಿಯುವಷ್ಟು ಬುದ್ಧಿ ನನಗಿರಲಿಲ್ಲ. ನಿಮ್ಮ ತಮ್ಮ ಬಸದಿಯ ಟ್ರಸ್ಟಿನಲ್ಲಿದ್ದಾರೆ, ವಂಶಕ್ಕೆ ಒಬ್ಬನೇ ಗಂಡು, ಅತ್ತೆಗೆ ತಿಳಿದರೆ ಎದೆ ಒಡೆದುಕೊಳ್ಳುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಡುವೆ ನಾನು ಇದ್ದೆನಲ್ಲ, ಮುರಿಯಲು.

ಮರುದಿನದಿಂದ ನನಗೆ ಚೌಕಾ ಬಂದ್. ತಲೆಯಲ್ಲಿ ಮಾಂಸ ಇಟ್ಟುಕೊಂಡವಳು ಒಲೆಯ ಹತ್ತಿರ ಬರಬಾರದು ಎಂದು ಅಪ್ಪಣೆಯಾಯಿತು. ಮಹಾರಾಜರು ಬೀದಿಯಲ್ಲಿ ಬರುವಾಗ ನಾನು ಮಾಳಿಗೆಯ ಕಿಟಕಿಯಿಂದ ನೋಡುತ್ತಿದ್ದೆ. ಬಾಗಿಲಲ್ಲಿ ಬಿಳಿ ಧೋತರ ಉಟ್ಟು, ಕೈಯಲ್ಲಿ ಕಳಶ ಹಿಡಿದು "ನಮೋಸ್ತು ಸ್ವಾಮಿ, ನಿಲ್ಲಿರಿ, ನಿಲ್ಲಿರಿ" ಎಂದು ಕರೆಯುತ್ತಿದ್ದವರು ನಿಮ್ಮ ತಮ್ಮ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತ್ತು ಎಂಬ ಗಾದೆ ಹೇಳುತ್ತಾರಲ್ಲ, ಅಲ್ಲಿ ಕೋತಿಗೂ ಗೊತ್ತಿತ್ತು, ಕೋತಿಯ ಅಕ್ಕನಿಗೂ ಗೊತ್ತಿತ್ತು, ಮೇಕೆಗೆ ಮಾತ್ರ ಗೊತ್ತಿರಲಿಲ್ಲ. ತಾನು ಎಂದಾದರೂ ತಿಳಿಯದೆ ತಿಂದಿರಬಹುದೇ ಎಂದು ಮೇಕೆ ಕೂತು ಯೋಚಿಸುತ್ತಿತ್ತು. ಕಾಲೇಜಿನ ಕ್ಯಾಂಟೀನು, ಗೆಳತಿಯರ ಮದುವೆ, ಬಸ್ ಸ್ಟ್ಯಾಂಡಿನ ವಡೆ, ಎಲ್ಲವನ್ನೂ ನೆನೆಸಿಕೊಂಡು ಅತ್ತಿದ್ದೇನೆ.

ದಶಲಕ್ಷಣ ಪರ್ವ ಬಂತು. ಮನೆಯಲ್ಲಿ ಉಪವಾಸ, ನನ್ನ ಪಾಪಕ್ಕೆ ಪ್ರಾಯಶ್ಚಿತ್ತವೆಂದು ನನಗೂ ಉಪವಾಸ. ಗುಳಿಗೆಯ ಡಬ್ಬಿಯನ್ನು ಅತ್ತೆ ತೆಗೆದು ಕಪಾಟಿನಲ್ಲಿಟ್ಟರು. ನಾನೂ ಬೇಡ ಅನ್ನಲಿಲ್ಲ, ಪಾಪ ನನ್ನದೇ ಎಂದು ಅಷ್ಟು ಹೊತ್ತಿಗೆ ಒಪ್ಪಿಕೊಂಡಿದ್ದೆ. ಪರ್ವ ಮುಗಿಯುವ ಮೊದಲೇ ಬಸದಿಯ ಅಂಗಳದಲ್ಲಿ ಎಲ್ಲರೆದುರು ಎರಡನೆಯ ಸಲ ಬಿದ್ದೆ. ಆ ವಾರವೇ ನನ್ನನ್ನು ಪಾಲಬಾವಿಗೆ ತಂದು ಬಿಟ್ಟರು. ಚಿಮಣಿಯನ್ನು ಅಲ್ಲೇ ಇಟ್ಟುಕೊಂಡರು.

ಇಲ್ಲಿ ನನ್ನ ತಂದೆ ಭೀಮಗೊಂಡರು ಜೋರಾಗಿ ಮಾತಾಡುವವರಲ್ಲ. ಒಂದು ಮಧ್ಯಾಹ್ನ ನನ್ನ ಹತ್ತಿರ ಕೂತು, ನೆಲ ನೋಡುತ್ತ, "ಕಾಲೇಜಿನ್ಯಾಗ ಗೆಳತ್ಯಾರ ಕೂಡ ಏನರ ತಿಂದಿದ್ದೇನ ಮಗಳ? ತಿಂದಿದ್ರ ಹೇಳಿಬಿಡು, ನಾ ಏನೂ ಅನ್ನೂದಿಲ್ಲ" ಎಂದರು. ನಾನು ಇಲ್ಲವೆಂದೆ. ಅವರು ತಲೆಯಾಡಿಸಿದರು. ಆದರೂ ಅವ್ವ ನನ್ನ ತಾಟನ್ನು ಬೇರೆಯಾಗಿಯೇ ತೊಳೆದಿಡುತ್ತಾಳೆ. ಅಕ್ಕಾ, ಅತ್ತೆ ಅಟ್ಟಿದ್ದನ್ನು ನಾನು ತಡೆದುಕೊಂಡೆ. ಆ ತಾಟನ್ನು ತಡೆದುಕೊಳ್ಳಲು ಆಗುತ್ತಿಲ್ಲ.

ನಿಮ್ಮ ಭಾಷಣ ಕೇಳಿದ ಮೇಲೆ ಅತ್ತೆಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. "ತಪ್ಪು ಮಾಡಿದಾಕಿ ಗಂಡನ ಮ್ಯಾಲೆ ಹಾಕ್ತೀಯೇನ? ನನ್ನ ಮಗಳು ಅಷ್ಟ ದೊಡ್ಡ ಡಾಕ್ಟರ್ ಅದಾಳ, ಹಂಗಿದ್ರ ಆಕಿ ಹೇಳತಿದ್ದಿಲ್ಲೇನ?" ಎಂದರು. ಅವರ ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ನಿಮ್ಮ ಹತ್ತಿರ ಇದೆ.

ಈಗ ಭಾನುವಾರದ ವಿಷಯ. ಸಮಾಜದ ಹಿರಿಯರಾದ ಕಾಕಾಸಾಹೇಬರು ಎರಡೂ ಮನೆಯವರನ್ನು ಕಾಗವಾಡದ ಬಸದಿಗೆ ಕರೆದಿದ್ದಾರೆ. ಗಂಡ ಹೆಂಡಿರನ್ನು ಬಿಡಿಸುವ ಸೋಡಚೀಟಿಯ ಮಾತು ಮೊದಲು, ಚಿಮಣಿಯ ಮಾತು ಆಮೇಲೆ. ಮನೆತನದ ಆಹಾರಶುದ್ಧಿ ಕೆಡಿಸಿದ ತಾಯಿಯ ಕೈಯಲ್ಲಿ ಕೂಸು ಬೆಳೆಯಬಾರದು, ಕೂಸು ಕಾಗವಾಡದಲ್ಲೇ ಇರಲಿ ಎಂದು ನಿಮ್ಮ ಮನೆಯವರು ಕೇಳಲಿದ್ದಾರೆ. ರಜೆ ಮುಗಿದರೂ ಮಗುವನ್ನು ಯಾಕೆ ಕಳಿಸಿಲ್ಲ ಎಂದು ಈಗಾಗಲೇ ಎರಡು ಸಲ ಫೋನ್ ಬಂದಿದೆ. ಜ್ವರ ಎಂದಿದ್ದೇನೆ. ಗಂಡ ಹೋದರೆ ಹೋಗಲಿ, ಅದಕ್ಕೆ ನಾನು ತಯಾರಾಗಿದ್ದೇನೆ. ಮಗಳನ್ನು ಕಳಿಸುವುದಿಲ್ಲ. ಆ ಮನೆಯಲ್ಲಿ ಅವಳು ಅಪ್ಪನ ಕೈತುತ್ತು ಬಿಟ್ಟು ಬೇರೆ ಯಾರ ಕೈಯಿಂದಲೂ ಉಣ್ಣುತ್ತಿರಲಿಲ್ಲ. ನಾನು ಕಲಸಿ ಕೊಟ್ಟರೆ ತುಟಿ ಬಿಗಿದು ಅಪ್ಪ ಬರುವವರೆಗೆ ಕಾಯುತ್ತಿದ್ದಳು. ಇಲ್ಲಿ ಈಗ ನನ್ನ ಕೈಯಿಂದ ಉಣ್ಣಲು ಕಲಿತಿದ್ದಾಳೆ.

ನಾನು ಕೇಳುವುದು ಒಂದೇ. ಭಾನುವಾರ ನೀವು ಬರಬೇಕು. ಬಂದು, ಎದ್ದು ನಿಂತು, ಆ ಸಭೆಗೆ ಹೇಳಿದ ಮಾತನ್ನು ಈ ಸಭೆಗೂ ಹೇಳಬೇಕು. ತಲೆಯಲ್ಲಿ ಹುಳು ಬಂದವಳು ಅದನ್ನು ತಿಂದಿರಬೇಕಾಗಿಲ್ಲ ಎಂಬ ಒಂದೇ ಮಾತು. ನಿಮ್ಮ ತಮ್ಮನ ಹೆಸರು ಬೇಡ, ಗೋವಾ ಬೇಡ, ಗುಳಿಗೆ ಬೇಡ. ಗುರುತಿಲ್ಲದವರಿಗೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ನಿಮ್ಮ ತಾಯಿಗೆ ಹೇಳಿ. ನಾನು ಹೇಳಿದರೆ ಅದು ಕಳ್ಳಿಯ ಮಾತು, ನೀವು ಹೇಳಿದರೆ ಅದು ವಿದ್ಯೆ.

ಬರುವುದಿಲ್ಲವೇನೋ ಎಂಬ ಅನುಮಾನ ನನಗಿದೆ, ಆದರೂ ಯಾಕೆ ಬರೆಯುತ್ತಿದ್ದೇನೆ ಗೊತ್ತೇ? ಹೋದ ವಾರ ನಿಮ್ಮ ದನಿ ಕೇಳಿದೆ. ನಮ್ಮ ಪಕ್ಕದ ಮನೆಯ ಕುರುಬರ ಲಕ್ಕವ್ವ ಒಂದು ಕೂಸನ್ನು ಅಥಣಿಯ ಸ್ಕ್ಯಾನ್ ಸೆಂಟರಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿಯ ಚಿತ್ರಗಳು ಕಂಪ್ಯೂಟರಿನಲ್ಲಿ ನಿಮ್ಮ ಹತ್ತಿರವೇ ಬರುತ್ತವಲ್ಲ. ರೂಪಾ ಮಲಕಾರಿ, ಆರು ವರ್ಷ, ಮುಗಳಖೋಡ. ರಿಪೋರ್ಟಿನ ಕೆಳಗೆ ನಿಮ್ಮ ಕಡೆಯ ನಂಬರ್ ಇತ್ತು, ಲಕ್ಕವ್ವ ಫೋನ್ ಹಚ್ಚಿದಳು, ಸ್ಪೀಕರಿನಲ್ಲಿ ನಾನೂ ಕೇಳಿದೆ. ಯಾರೋ ಕುರುಬರ ಮುದುಕಿಯೊಂದಿಗೆ ನೀವು ಎಷ್ಟು ತಾಳ್ಮೆಯಿಂದ ಮಾತಾಡಿದಿರಿ. "ಅಜ್ಜಿ, ಕೂಸು ಏನ ತಿಂತು ಅಂತ ಯಾರ್ನೂ ಬೈಬ್ಯಾಡ್ರಿ, ಅವರವ್ವನ್ನಂತೂ ಬೈಲೇಬ್ಯಾಡ್ರಿ. ಊಟದಿಂದ ಬಂದದ್ದಲ್ಲ ಇದು, ಕೈಯಿಂದ ಬಂದದ್ದು. ಆಕಿಗೆ ಉಣಿಸೋರು ಯಾರು, ಮನ್ಯಾಗ ಎಲ್ಲಾರ ತಪಾಸಣಿ ಮಾಡಸ್ರಿ" ಎಂದಿರಿ. ಲಕ್ಕವ್ವ ಫೋನ್ ಇಟ್ಟು, "ದೊಡ್ಡ ಮನಸಿನ ಹೆಣಮಗಳು" ಅಂದಳು. ನಾನು ಹೌದು ಅಂದೆ.

ಆ ರಿಪೋರ್ಟನ್ನು ನಾನು ತೆಗೆದಿಟ್ಟುಕೊಂಡಿದ್ದೇನೆ. ಪಕ್ಕದಲ್ಲಿ ನನ್ನ ಹೋದ ವರ್ಷದ ರಿಪೋರ್ಟನ್ನೂ ಇಟ್ಟು ನೋಡಿದೆ. ಎರಡರಲ್ಲೂ ಅವೇ ಶಬ್ದಗಳು, ಅದೇ ಬಳೆ, ಅದೇ ಚುಕ್ಕೆ. ಕುರುಬರ ಕೂಸಿನದಕ್ಕೆ ಒಂದು ಸಾಲು ಹೆಚ್ಚಿಗೆ ಇದೆ: ರೋಗಿಯ ಆಹಾರ ಕಾರಣವಲ್ಲ, ಮನೆಯಲ್ಲಿ ಅಡುಗೆ ಮಾಡುವವರನ್ನೂ ಉಣಿಸುವವರನ್ನೂ ಪರೀಕ್ಷಿಸಬೇಕು. ನನ್ನ ರಿಪೋರ್ಟು ಅದಕ್ಕೆ ಮೊದಲೇ ಮುಗಿದಿದೆ. ಪರಕೀಯರಿಗೆ ಖರೆ ಬರೆಯುವ ಕೈ ಮನೆಯವರಿಗೆ ಬರೆಯುವಾಗ ಯಾಕೆ ನಿಂತಿತು ಅಕ್ಕಾ? ನಿಮ್ಮ ಮೇಲೆ ನನಗೆ ಸಿಟ್ಟು ಬಹಳ ಇದೆ. ಆದರೆ ಆ ಸಾಲು ಬರೆದವರು ಬಂದೇ ಬರುತ್ತಾರೆ ಎಂಬ ಆಸೆಯೂ ಇದೆ.

ಬಾಗಿನಲ್ಲಿ ಬಳ್ಳಿ ಕತ್ತರಿಸುವ ಚಾಟಣಿ ಮುಗಿದಿರಬೇಕು. ಅತ್ತೆಯ ಮೊಣಕಾಲು ನೋವು ಹೇಗಿದೆ ಎಂದು ಯಾರೂ ನನಗೆ ಹೇಳುವುದಿಲ್ಲ, ಬಂದಾಗ ನೀವು ಹೇಳಿ.

ಇನ್ನೂ ನಿಮ್ಮ ಮನೆಯ ಸೊಸೆಯಾಗಿರುವ,
ಮೇಘಾ

ತಾ.ಕ.: ಲಕ್ಕವ್ವನಿಗೆ ಮೊಮ್ಮಕ್ಕಳಿಲ್ಲ.

ಬನ್ನಿ ಕೊಟ್ಟ ಹಬ್ಬದ ಮರುದಿನ ಬೆಳಿಗ್ಗೆ ಚಿಮಣಿ ಅಂಗಳದಲ್ಲಿ ಆಡುತ್ತ ಬಿದ್ದಳು. ನನ್ನ ಹಾಗೆಯೇ ಬಿದ್ದಳು. ನಿಜವಾದ ಹೆಸರು ಕೊಟ್ಟಿದ್ದರೆ ಅವಳ ರಿಪೋರ್ಟೂ ನನ್ನದರ ಹಾಗೆ ಅರ್ಧಕ್ಕೆ ಮುಗಿಯುತ್ತಿತ್ತು, ಅದಕ್ಕೇ ಲಕ್ಕವ್ವನ ಕೈಯಲ್ಲಿ ಕಳಿಸಿ ಬೇರೆ ಹೆಸರು ಬರೆಸಿದೆ. ನಾನೂ ಸೆಂಟರಿನಲ್ಲೇ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮಷೀನಿನ ಸದ್ದಿಗೆ ಅವಳು ಅಂಜಬಾರದೆಂದು, ಈ ಫೋಟೋ ಪುಣೆಯಲ್ಲಿರುವ ನಿನ್ನ ಆತ್ಯಾ ನೋಡುತ್ತಾಳೆ ಎಂದು ಕಿವಿಯಲ್ಲಿ ಹೇಳಿದೆ. "ಹಂಗಾದ್ರ ನಗಲೇನ?" ಎಂದು ಕೇಳಿದಳು. ನಗಬೇಡ, ಅಲುಗಾಡಬೇಡ ಎಂದೆ. ಕಡೆಯವರೆಗೆ ಅಲುಗಾಡದೆ ಮಲಗಿದ್ದಳು.

ನಿಮ್ಮ ರಿಪೋರ್ಟು ನೋಡಿ ಅಥಣಿಯ ಡಾಕ್ಟರು ಗುಳಿಗೆ ಶುರು ಮಾಡಿದ್ದಾರೆ. ಮೊಟ್ಟೆ ಎಂದೋ ಒಳಗೆ ಹೋದದ್ದು, ವರ್ಷಗಟ್ಟಲೆ ಸುಮ್ಮನಿರುತ್ತದೆ ಎಂದರು. ಒಂದು ಹೊತ್ತೂ ಗುಳಿಗೆ ತಪ್ಪಬಾರದಂತೆ. ಕಪಾಟಿನಲ್ಲಿ ಡಬ್ಬಿ ಇಡುವ ಮನೆಗೆ ನಾನು ಅವಳನ್ನು ಯಾಕೆ ಕಳಿಸುವುದಿಲ್ಲ ಎಂದು ಈಗ ತಿಳಿಯಿತಲ್ಲ. ನಿಮ್ಮ ತಮ್ಮನ ಹೆಸರು ಬೇಡ ಎಂದು ಮೇಲೆ ಬರೆದಿದ್ದೇನೆ. ಅದು ನನ್ನ ತಲೆಯ ಮಟ್ಟಿಗೆ, ಮಗಳ ತಲೆಯ ಮಟ್ಟಿಗಲ್ಲ.

ಭಾನುವಾರ ಬಂದರೆ ಆ ಕೊನೆಯ ಸಾಲನ್ನು ನೀವೇ ಓದಿ. ಬರದಿದ್ದರೆ ನಾನು ಎದ್ದು ನಿಂತು ಓದುತ್ತೇನೆ. ಕೆಳಗೆ ಸಹಿ ನಿಮ್ಮದೇ ಇದೆ.